ಹನ್ನೊಂದನೇ ಗೈರುಹಾಜರಿ: ಕೈಗೆ ಸಿಗದ ಮಡಿಕೆ

"ಒಂಬತ್ತು... ಹತ್ತು..."

ಉಳಿದ ಪ್ರಶ್ನೆಪತ್ರಿಕೆಗಳ ಹನ್ನೊಂದನೆಯ ಹಾಳೆಯ ಮೇಲೆ ದಾರದಜ್ಜಿಯ ಹೆಬ್ಬೆರಳು ನಿಂತುಬಿಟ್ಟಿತು.

ಹಾಳೆ ನುಣುಪಾಗಿತ್ತು. ಮೇಲಿನ ಹತ್ತೂ ಅಚ್ಚುಮನೆಯ ಒರಟು ಕಾಗದ, ಸುಣ್ಣ ಬಳಿದ ಗೋಡೆಯ ಹಾಗೆ ಬೆರಳಿಗೆ ಹತ್ತುತ್ತಿದ್ದವು. ಇದು ಮಾತ್ರ, ಆಗತಾನೆ ಮುಖ ತೊಳೆದುಕೊಂಡು ಬಂದ ಸುಳ್ಳುಗಾರನ ಹಾಗೆ, ನಯವಾಗಿ ಜಾರಿತು.

ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಾಳೆಯ ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಬೂದು ಗೆರೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬಿಡಿಸಿದರೆ ಉಳಿಯುತ್ತದಲ್ಲ, ಅಂಥ ಗುರುತು. ಅದರ ಮೇಲೆ ಬೆರಳಾಡಿಸಿದಳು. ಏನೂ ಇಲ್ಲ. ಕಣ್ಣಿಗೆ ಕಾಣುವ ಮಡಿಕೆ ಕೈಗೆ ಸಿಗಲಿಲ್ಲ.

ಎಡಗಡೆ ಮೇಲಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಕರಿ ಚುಕ್ಕಿಯೂ ಇತ್ತು. ಅದೂ ಬೆರಳಿಗೆ ಸಿಗಲಿಲ್ಲ. ಅದೇನೆಂದು ಅಜ್ಜಿಗೆ ತಿಳಿಯಲಿಲ್ಲ. ತಿಳಿಯದ್ದನ್ನು ಎಸೆಯುವ ಅಭ್ಯಾಸ ಅವಳಿಗಿರಲಿಲ್ಲ. ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಳು.

"ಜೆರಾಕ್ಸು," ಎಂದಳು ಮೆಲ್ಲಗೆ. "ಎಣಿಕೆ ತುಂಬಿಸೋಕೆ ಒಂದನ್ನ ಹುಟ್ಟಿಸಿದ್ದಾರೆ, ನಾಚಿಕೆಗೆಟ್ಟವರು."

ಗಣಿತದ ಅಂತಿಮ ಪರೀಕ್ಷೆ ಬರೆದು ಬಂದ ಬೀಗದವನ ಮಗಳನ್ನು ಶಾಲೆ 'ಗೈರುಹಾಜರಿ' ಎಂದು ಬರೆದು ನಾಪಾಸು ಮಾಡಿತ್ತು; ಅವಳ ಉತ್ತರಪತ್ರಿಕೆ ಇನ್ನೂ ಎಲ್ಲೂ ಸಿಕ್ಕಿರಲಿಲ್ಲ. ಪರೀಕ್ಷಾ ಮಂಡಳಿಯ ಆಫೀಸಿಗೆ ಕೊಡಬೇಕಾದ ಮರುಪರಿಶೀಲನೆಯ ಅರ್ಜಿಗೆ ಇವತ್ತು ಸಂಜೆ ಐದು ಗಂಟೆಯೇ ಕೊನೆ. ಆ ಅರ್ಜಿಯ ರಸೀದಿ ತೋರಿಸಿದರೆ ದಾದಿಯರ ಶಾಲೆಯವರು ಹುಡುಗಿಯ ಜಾಗವನ್ನು ಹಿಡಿದಿಡುತ್ತಾರೆ. ಇಲ್ಲದಿದ್ದರೆ ಜಾಗ ಹೋಯಿತು, ವರ್ಷವೂ ಹೋಯಿತು.

ಉಗ್ರಾಣದ ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಅಜ್ಜಿಯನ್ನು ಆ ಕೋಣೆಗೆ ಬಿಟ್ಟವನು ಗುಮಾಸ್ತನೇ. ಪರೀಕ್ಷೆಯ ಹಳೇ ಕಾಗದವೆಲ್ಲ ಸೋಮವಾರ ರದ್ದಿ ಲಾರಿಗೆ ಹೋಗಬೇಕು. ಲಕೋಟೆ ಬೇರೆ, ಕಾಗದ ಬೇರೆ ಕಟ್ಟಬೇಕು. ದಾರಿಯಲ್ಲಿ ಬಿಚ್ಚಿಕೊಳ್ಳದ ಹಾಗೆ ಕಟ್ಟು ಹಾಕುವ ಕೈ ಆ ಶಾಲೆಯಲ್ಲಿ ಒಂದೇ. ಕೆಲಸ ಬಿಟ್ಟು ಮೂರು ವರ್ಷವಾದರೂ ಪರೀಕ್ಷೆಯ ದಿನಗಳಲ್ಲಿ ದಾರಕ್ಕೆ, ಅರಗಿಗೆ ಅವಳನ್ನೇ ಕರೆಯುತ್ತಿದ್ದರು, ಇವತ್ತೂ ಕರೆದರು. ಬೀಗದ ಕೈಯನ್ನೂ ಅವಳ ಮಡಿಲಿಗೇ ಎಸೆದರು. ಮೂವತ್ತನಾಲ್ಕು ವರ್ಷ ಆ ಕೋಣೆಯಲ್ಲಿ ಓಡಾಡಿದ ಹೆಂಗಸು ಅವರ ಪಾಲಿಗೆ ಬೀರುವಿನ ಇನ್ನೊಂದು ಬಾಗಿಲು. ಬಾಗಿಲಿಗೆ ಕಣ್ಣಿರುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ?

ಅಷ್ಟು ದಡ್ಡರು. ಆದರೂ ದಿನವಿಡೀ ಬೇರೆಯವರ ಮಕ್ಕಳಿಗೆ ದಡ್ಡ ಎನ್ನುವುದೇ ಅವರ ಉದ್ಯೋಗ.

ಈ ಸಂಗತಿಯನ್ನು ಅಜ್ಜಿಯ ಮನೆಬಾಗಿಲಿಗೆ ತಂದವರು ಗಣಿತದ ಮೇಡಂ. ಹುಡುಗಿಯ ತರಗತಿಗೆ ಅವರೇ ಟೀಚರು. ಹೊಸಿಲ ಮೇಲೆ ಕೂತು ಕಣ್ಣು ಒರೆಸಿಕೊಂಡಿದ್ದರು: "ನೀವೊಬ್ಬರೇ ಅಜ್ಜಿ, ಈ ಶಾಲೆ ಕಾಗದ ಎಲ್ಲಿ ಹೋಗುತ್ತೆ ಎಲ್ಲಿ ಬರುತ್ತೆ ಅಂತ ಬಲ್ಲವರು." ಅಲ್ಲಿ ಬೆನ್ನುಮೂಳೆ ಇರುವುದು ಆ ಹೆಣ್ಣುಮಗಳೊಬ್ಬಳಿಗೇ ಎಂದು ಅಜ್ಜಿ ಅವತ್ತೇ ತೀರ್ಮಾನಿಸಿದ್ದಳು.

ಹೊರಗೆ ಕೆಮ್ಮು ಕೇಳಿಸಿತು.

ಹೆಡ್ಮಾಸ್ಟರಿಗಿಂತ ಮೊದಲು ಅವರ ಕೆಮ್ಮು ಬರುತ್ತದೆ. ಮಕ್ಕಳು ಅವರಿಗೆ ಇಟ್ಟ ಹೆಸರು 'ಸರಾಸರಿ'. ಮಾತು ಎಲ್ಲಿ ಶುರುವಾದರೂ ಸರಾಸರಿಗೇ ಬಂದು ಮುಗಿಯುತ್ತಿತ್ತು.

ಅಜ್ಜಿ ನುಣುಪು ಹಾಳೆಯನ್ನು ತಾನು ಕೂತಿದ್ದ ಹಳೇ ಪತ್ರಿಕೆಗಳ ದಿಂಡಿನ ಕೆಳಗೆ ಸರಿಸಿದಳು. ಒರಟು ಹಾಳೆಯೊಂದನ್ನು ಕೈಯಲ್ಲಿ ಹಿಡಿದುಕೊಂಡಳು.

ಸರಾಸರಿ ಒಳಗೆ ಬಂದರು. ಅವರ ಹಿಂದೆ, ಅವರ ನೆರಳಿಗಿಂತ ಸ್ವಲ್ಪ ತೆಳ್ಳಗೆ, ಗುಮಾಸ್ತ.

"ಏನಜ್ಜಿ, ಇನ್ನೂ ಆಗಿಲ್ವಾ? ಕಟ್ಟೋಕೆ ಕರೆದ್ರೆ ಓದ್ತಾ ಕೂತಿದ್ದೀಯ? ಓದೋಕೆ ಬರುತ್ತಾ ನಿಂಗೆ?"

"ಮೂರನೇ ಕ್ಲಾಸ್ ಸರ್. ಅಷ್ಟರಲ್ಲಿ ಎಷ್ಟು ಬರುತ್ತೋ ಅಷ್ಟು."

ಗುಮಾಸ್ತ ಕಿಸಕ್ಕನೆ ನಕ್ಕ. ಸಾಹೇಬರು ನಗುವ ಮೊದಲೇ ನಕ್ಕಿದ್ದಕ್ಕೆ ಬಾಯಿ ಮುಚ್ಚಿಕೊಂಡ.

"ಎಣಿಸ್ತಾ ಇದ್ದೆ," ಎಂದಳು ಅಜ್ಜಿ. "ಗಣಿತದ ಪರೀಕ್ಷೆಗೆ ಬರದೇ ಇದ್ದ ಮಕ್ಕಳು ಹನ್ನೊಂದು ಅಂತ ನಿಮ್ಮ ಪಟ್ಟಿ. ಉಳಿದ ಪ್ರಶ್ನೆಪತ್ರಿಕೆನೂ ಹನ್ನೊಂದೇ ಇರಬೇಕು."

"ಇವೆಯಲ್ಲ?"

"ಇವೆ. ಹತ್ತು ಅಚ್ಚುಮನೆಯಿಂದ ಬಂದವು. ಒಂದು ನಿಮ್ಮ ಆಫೀಸಿನಿಂದ ಬಂದದ್ದು."

ಗುಮಾಸ್ತ ಸಾಹೇಬರನ್ನು ನೋಡಿದ. ಸಾಹೇಬರು ಕೆಮ್ಮನ್ನು ನುಂಗಿಕೊಂಡರು.

"ಏನು ಹಾಗಂದ್ರೆ?"

"ಜೆರಾಕ್ಸ್ ಮಾಡಿ ಸೇರಿಸಿದ್ದಾರೆ ಅಂದ್ರೆ. ಹತ್ತೇ ಮಕ್ಕಳು ಗೈರು ಸರ್. ಹನ್ನೊಂದನೆಯವಳು ಬಂದು, ಪತ್ರಿಕೆ ಇಸ್ಕೊಂಡು, ಬರೆದು ಹೋಗಿದ್ದಾಳೆ."

ಸರಾಸರಿ ಕುರ್ಚಿ ಎಳೆದು ಕೂತರು. ಕೂತರೆ ತಾನು ದೊಡ್ಡವನಾಗಿ ಕಾಣುತ್ತೇನೆ ಎಂದು ಆ ಮನುಷ್ಯ ನಂಬಿದ್ದ. ಅಜ್ಜಿ ಅವರ ಮುಖವನ್ನು ನೋಡುತ್ತಾ ಬೇರೊಂದು ಮುಖವನ್ನು ನೆನೆಸಿಕೊಂಡಳು. ಅವಳು ಕೆಲಸಕ್ಕೆ ಸೇರಿದ ವರ್ಷ ಇದೇ ಮನುಷ್ಯ ಇದೇ ಶಾಲೆಯಲ್ಲಿ ಹುಡುಗನಾಗಿ ಗಣಿತದ ಪರೀಕ್ಷೆಗೆ ಕೂತಿದ್ದ. ಎಲ್ಲರೂ ನೋಡಲಿ ಎಂದು ಮೂರು ಸಲ ಕೈ ಎತ್ತಿ ಮೂರು ಹೆಚ್ಚಿನ ಹಾಳೆ ಇಸಿದುಕೊಂಡಿದ್ದ. ಮೂರನ್ನೂ ಖಾಲಿ ಕೊಟ್ಟಿದ್ದ. ಆ ಖಾಲಿ ಹಾಳೆಗಳಿಗೆ ದಾರ ಕಟ್ಟಿದವಳು ಇವಳೇ.

"ಅಜ್ಜಿ," ಸರಾಸರಿ ದನಿಗೆ ಬೆಣ್ಣೆ ಸವರಿದರು. "ನಿಂಗೆ ಇದೆಲ್ಲ ಅರ್ಥ ಆಗಲ್ಲ. ನಾವು ವರ್ಷವಿಡೀ ನೋಡಿ ಕೊಡೋ ಅಂಕ ನಲವತ್ತು. ಅಂತಿಮ ಪರೀಕ್ಷೆದು ಅರವತ್ತು. ಎರಡೂ ಕೂಡಿಸಿ ಪಾಸು, ನಾಪಾಸು. ಇಷ್ಟು ಗೊತ್ತಾ?"

"ಗೊತ್ತು. ನಲವತ್ತಕ್ಕೆ ಎಲ್ಲರಿಗೂ ಮೂವತ್ತಾರು, ಮೂವತ್ತೇಳು ಕೊಟ್ಟಿದ್ರಿ. ಬಾಗಿಲಿಗೆ ಬಂದೋರಿಗೆಲ್ಲ ಹಂಚೋ ಹಾಗೆ."

"ಮಕ್ಕಳ ಒಳ್ಳೇದಕ್ಕೆ ಕೊಟ್ಟೆ!"

"ನಿಮ್ಮ ಹೆಸರಿನ ಒಳ್ಳೇದಕ್ಕೆ ಕೊಟ್ರಿ. ಆಮೇಲೆ ಪರೀಕ್ಷಾ ಮಂಡಳಿ ಕೇಳುತ್ತೆ ಅಂತ ಹೆದರಿಕೊಂಡ್ರಿ."

ಅಜ್ಜಿಗೆ ಓದು ಕಡಿಮೆ ಇರಬಹುದು. ಆದರೆ ಪರೀಕ್ಷೆ ಎಂಬ ಯಂತ್ರ ಯಾವ ಕಡೆ ತಿರುಗಿದರೆ ಯಾರ ಬೆರಳು ಕತ್ತರಿಸುತ್ತದೆ ಎನ್ನುವುದನ್ನು ಪಕ್ಕದಲ್ಲೇ ಕೂತು ನೋಡಿದವಳು. ಶಾಲೆ ಧಾರಾಳವಾಗಿ ಕೊಟ್ಟಿದೆ, ಮಕ್ಕಳು ಪರೀಕ್ಷೆಯಲ್ಲಿ ಅಷ್ಟು ತೆಗೆದಿಲ್ಲ ಎಂದು ಕಂಡರೆ ಮಂಡಳಿ ಇಡೀ ಶಾಲೆಯ ಮಕ್ಕಳ ಆ ನಲವತ್ತಕ್ಕೆ ಕತ್ತರಿ ಹಾಕುತ್ತದೆ. ಹೆಡ್ಮಾಸ್ಟರಿಗೆ ನೋಟೀಸು ಕೊಡುತ್ತದೆ. ಅಳೆಯುವುದು ಸರಾಸರಿಯಿಂದ. ಬಂದು ಸೊನ್ನೆ ತೆಗೆದವನು ಸರಾಸರಿಯನ್ನು ಕೆಳಗೆ ಎಳೆಯುತ್ತಾನೆ. ಬಾರದೇ ಇದ್ದವನು ಏನನ್ನೂ ಎಳೆಯುವುದಿಲ್ಲ, ಅವನು ಎಣಿಕೆಯಲ್ಲೇ ಇಲ್ಲ.

ಹಾಗಾಗಿ ಓದಿಸುವ ಕಷ್ಟಕ್ಕಿಂತ ಬರದಂತೆ ಮಾಡುವುದು ಸಲೀಸಾಯಿತು. ಹನ್ನೊಂದು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಹೆಗಲ ಮೇಲೆ ಕೈಯಿಟ್ಟು, "ಈ ಸಲ ಬೇಡ, ಮುಂದಿನ ಸಲ ನೋಡೋಣ" ಎಂದರು. ಎಂಥ ಅಕ್ಕರೆ! ಹತ್ತು ಮಕ್ಕಳು ತಲೆಯಾಡಿಸಿ ಮನೆಯಲ್ಲಿ ಉಳಿದರು. ಹನ್ನೊಂದನೆಯವಳು, ತಯಾರಿ ಪರೀಕ್ಷೆಯಲ್ಲಿ ಹತ್ತೊಂಬತ್ತು ತೆಗೆದಿದ್ದ ಬೀಗದವನ ಮಗಳು, ಮೂರು ತಿಂಗಳು ಹಟ ಹಿಡಿದು ಓದಿ, ತಲೆ ಬಾಚಿಕೊಂಡು ಬಂದು ಕೂತುಬಿಟ್ಟಳು.

"ಒಂದು ನೆನಪು ಹೇಳಲಾ ಸರ್?" ಅಜ್ಜಿ ಗುಮಾಸ್ತನ ಕಡೆ ತಿರುಗಿದಳು. "ಪರೀಕ್ಷೆಯ ಹಿಂದಿನ ಸಂಜೆ ಇವರು ನನ್ನ ಹತ್ರ ದಾರ ಕೇಳಿದ್ರು. ಏನಕ್ಕೆ ಅಂದೆ. 'ಗೈರುಹಾಜರಿ ಪಟ್ಟಿ ಕಟ್ಟೋಕೆ' ಅಂದ್ರು. ಪರೀಕ್ಷೆ ಬೆಳಿಗ್ಗೆ. ಪಟ್ಟಿ ಹಿಂದಿನ ಸಂಜೆ. ಬರದೇ ಇರೋರು ಯಾರು ಅಂತ ನಿಮಗೆ ಕನಸು ಬಿತ್ತಾ?"

ಗುಮಾಸ್ತನ ಕಿವಿ ಕೆಂಪಾಯಿತು. "ಅದು... ಬೆಳಿಗ್ಗೆ ಗಡಿಬಿಡಿ ಇರುತ್ತೆ ಅಂತ... ಮೂರು ಪ್ರತಿ ಟೈಪ್ ಮಾಡಿ, ಸೀಲ್ ಹಾಕಿ..."

"ಬಾಯ್ ಮುಚ್ಕೊಳಯ್ಯ!" ಸರಾಸರಿ ಗದರಿದರು.

"ಪಾಪ, ಚುರುಕು ಜನ," ಎಂದಳು ಅಜ್ಜಿ. "ಸೀಲ್ ಹಾಕಿದ ಪಟ್ಟಿ ಬೆಳಿಗ್ಗೆಯೇ ಮಂಡಳಿಗೆ ಹೋಯ್ತು. ಆಮೇಲೆ ನೋಡಿದ್ರೆ ಹುಡುಗಿ ಬೆಂಚಿನ ಮೇಲೆ ಕೂತಿದ್ದಾಳೆ. ಪಟ್ಟಿ ತಿದ್ದೋಕೆ ಮೂರು ಪ್ರತಿ, ಮೂರು ಸೀಲು, ಒಂದು ವಿವರಣೆ. ಹುಡುಗಿನ ಅಳಿಸೋಕೆ ಒಂದು ಜೆರಾಕ್ಸು ಸಾಕು."

ಸರಾಸರಿ ಎದ್ದರು. ಈಗ ಬೆಣ್ಣೆ ಇಲ್ಲ.

"ನೋಡು, ಒಬ್ಬಳಿಗೋಸ್ಕರ ಇನ್ನೂರು ಮಕ್ಕಳ ಅಂಕ ಇಳಿಸಬೇಕಿತ್ತಾ? ಎಲ್ಲರದ್ದೂ ಎಂಟೆಂಟು ಅಂಕ ಹೋಗ್ತಿತ್ತು. ಅದರಲ್ಲಿ ಎಷ್ಟು ಜನ ನಾಪಾಸಾಗ್ತಿದ್ರು ಗೊತ್ತಾ? ನಾನು ಸರಾಸರಿ ಉಳಿಸಿದೆ. ಸರಾಸರಿ ಉಳಿದ್ರೆ ಶಾಲೆ ಉಳಿಯುತ್ತೆ."

"ಅವಳು ಎಷ್ಟು ತೆಗೆದಿದ್ಲು ಅಂತ ನೋಡಿದ್ರಾ?"

ಸರಾಸರಿ ಅಂಗಿಯ ತೋಳು ಸರಿಮಾಡಿಕೊಂಡರು.

"ನೋಡಿಲ್ಲ," ಎಂದಳು ಅಜ್ಜಿ. "ಅವಳು ಐವತ್ತು ತೆಗೆದು ನಿಮ್ಮ ಸರಾಸರಿನ ಮೇಲೆ ಎತ್ತಿದ್ರೂ ಎತ್ತಿರಬಹುದು. ತೆರೆದು ನೋಡೋಷ್ಟು ಪುರುಸೊತ್ತೂ ಇರಲಿಲ್ಲ ನಿಮಗೆ. ಒಂದು ಮಾತು ಸರ್. ಈ ಸರಾಸರಿ ಅನ್ನೋದು ಮನೆಗೆ ಹೋಗಿ ಮಗ್ಗುಲು ತಿರುಗಿ ಅಳಲ್ಲ. ಆ ಹುಡುಗಿ ಅಳ್ತಾಳೆ."

ಸರಾಸರಿಯ ಕೈ ಮುಂದೆ ಬಂತು. "ಆ ಹಾಳೆ ಕೊಡು ಇಲ್ಲಿ."

ಅಜ್ಜಿ ಎರಡು ಗಳಿಗೆ ಹಿಂದೆಮುಂದೆ ನೋಡಿದವಳ ಹಾಗೆ ಮಾಡಿ ಕೈಯಲ್ಲಿದ್ದ ಹಾಳೆಯನ್ನು ಕೊಟ್ಟಳು.

ಸರಾಸರಿ ಅದನ್ನು ಅವಳ ಕಣ್ಣೆದುರೇ ಎರಡು ಮಾಡಿದರು. ನಾಲ್ಕು ಮಾಡಿದರು. ಎಂಟು ಮಾಡುವಾಗ ಕಾಗದ ಗಟ್ಟಿಯಾಗಿ ಸ್ವಲ್ಪ ಏದುಸಿರು ಬಿಟ್ಟರು. ತುಂಡುಗಳನ್ನು ಕಸದ ಬುಟ್ಟಿಗೆ ಹಾಕಿ ಕೈ ಕೊಡವಿಕೊಂಡರು.

"ಈಗೆಲ್ಲಿದೆ ನಿನ್ನ ಜೆರಾಕ್ಸು?"

ಅಜ್ಜಿ ತಲೆ ತಗ್ಗಿಸಿದಳು. ತಗ್ಗಿಸದಿದ್ದರೆ ನಗು ಕಾಣುತ್ತಿತ್ತು. ಮೂವತ್ತು ವರ್ಷ ಕಾಗದದ ನಡುವೆ ಬದುಕಿದ ಮನುಷ್ಯ! ಒರಟು ಯಾವುದು, ನುಣುಪು ಯಾವುದು ಎಂದು ಆ ಕೈಗೆ ಗೊತ್ತಿಲ್ಲ. ಅಚ್ಚುಮನೆಯ ಅಸಲಿ ಪತ್ರಿಕೆಯನ್ನು ತಾನೇ ಹರಿದು, ಬೀಗುತ್ತಾ ನಿಂತಿದೆ.

"ಆ ಹುಡುಗಿ ಅರ್ಜಿ ಹಾಕ್ಕೊಳ್ಳಲಿ," ಎಂದರು ಸರಾಸರಿ ಬಾಗಿಲಲ್ಲಿ ತಿರುಗಿ. "ಕಾರಣ ಬರೆದು, ಸಾಕ್ಷಿ ಹಚ್ಚಿ, ತರಗತಿ ಟೀಚರ್ ಸಹಿ ಹಾಕಿಸಿ ಐದರೊಳಗೆ ಕೊಡಲಿ. ನಾನೇನು ಬೇಡ ಅಂದೆನಾ?"

ಕೆಮ್ಮು ದೂರವಾಯಿತು.

ಅಜ್ಜಿ ದಿಂಡಿನ ಕೆಳಗಿನಿಂದ ನುಣುಪು ಹಾಳೆಯನ್ನು ಎಳೆದು, ಕಿಟಕಿಯಿಂದ ಕೆಳಗೆ ಸೈಕಲ್ ನಿಲ್ಲಿಸುವ ಜಾಗದ ಕಡೆ ಕೈ ಬೀಸಿದಳು. ಬೀಗದವನ ಮಗಳು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಳು. ಒಂದು ಕೈಯಲ್ಲಿ ಅರ್ಜಿ. ಇನ್ನೊಂದರಲ್ಲಿ ಕಂಪಾಸ್ ಪೆಟ್ಟಿಗೆ.

"ಏನಾಯ್ತಜ್ಜಿ? ಬೈದ್ರಾ?"

"ಬೈದ್ರು, ಹರಿದ್ರು, ಹೋದ್ರು. ನಿನ್ನ ಪ್ರಶ್ನೆಪತ್ರಿಕೆ ತಾ ಅಂದಿದ್ದೆನಲ್ಲ?"

ಹುಡುಗಿ ಪೆಟ್ಟಿಗೆ ತೆರೆದು ನಾಲ್ಕು ಮಡಿಕೆಯ ಕಾಗದ ತೆಗೆದಳು. ಪರೀಕ್ಷೆ ಬರೆದದ್ದಕ್ಕೆ ಅವಳ ಹತ್ತಿರ ಉಳಿದಿದ್ದ ಗುರುತು ಅದೊಂದೇ. ಅಂಥ ಪತ್ರಿಕೆ ಊರಲ್ಲಿ ನೂರಾರು ಮಕ್ಕಳ ಹತ್ತಿರ ಇದೆ, ಯಾರಿಂದಲಾದರೂ ಇಸಿದುಕೊಂಡಿರಬಹುದು ಎಂದು ಆಫೀಸಿನಲ್ಲಿ ಆಡಿಕೊಂಡು ಕಳಿಸಿದ್ದರು.

ಅಜ್ಜಿ ಮಡಿಕೆ ಬಿಚ್ಚಿದಳು. ಉದ್ದಕ್ಕೊಂದು, ಅಡ್ಡಕ್ಕೊಂದು. ಇದು ಕೈಗೂ ಸಿಗುವ ಮಡಿಕೆ.

ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ತೂತು ಇತ್ತು. ಸಾಸಿವೆ ಕಾಳಿನಷ್ಟು.

"ಇದೇನು ಮಗಾ?"

"ಅದಾ? ಫ್ಯಾನ್ ಕೆಳಗೆ ಕೂರಿಸಿದ್ರಜ್ಜಿ, ಪೇಪರ್ ಹಾರ್ತಾ ಇತ್ತು. ಕೈವಾರದ ಮುಳ್ಳಲ್ಲಿ ಬೆಂಚಿಗೆ ಚುಚ್ಚಿ ನಿಲ್ಲಿಸಿಕೊಂಡೆ. ಅಮ್ಮ ಬೈದ್ಲು, ಬೆಂಚು ಹಾಳು ಮಾಡ್ತೀಯ ಅಂತ."

ಅಜ್ಜಿ ಹುಡುಗಿಯ ಪತ್ರಿಕೆಯನ್ನು ನುಣುಪು ಹಾಳೆಯ ಮೇಲೆ ಹಾಸಿ ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಗೆರೆಯ ಮೇಲೆ ಗೆರೆ ಕೂತಿತು. ತೂತಿನ ಒಳಗಿಂದ, ಬಾಗಿಲ ಕಂಡಿಯಲ್ಲಿ ಇಣುಕುವ ಕಣ್ಣಿನ ಹಾಗೆ, ಆ ಕರಿ ಚುಕ್ಕಿ ಕಾಣಿಸಿತು.

"ಅಯ್ಯೋ!" ಹುಡುಗಿ ಬಾಯಿಗೆ ಕೈ ಹಿಡಿದಳು. "ಇದು ನನ್ ಪೇಪರ್‌ದೇ ಜೆರಾಕ್ಸು! ಅಂದ್ರೆ ನಾನು ಬರೆದಿದ್ದು ನಿಜ ಅಂತ ಆಯ್ತಲ್ಲಜ್ಜಿ?"

ಆಯಿತು. ನೂರಾರು ಮಕ್ಕಳ ಹತ್ತಿರ ಪತ್ರಿಕೆ ಇರಬಹುದು. ಈ ತೂತು ಒಂದರಲ್ಲೇ ಇದೆ. ಪರೀಕ್ಷೆ ಮುಗಿದದ್ದು ಮಧ್ಯಾಹ್ನ ಒಂದಕ್ಕೆ. ಉಳಿದ ಪ್ರಶ್ನೆಪತ್ರಿಕೆಗಳನ್ನು ತುಂಬಿ ಅಂಟಿಸಿದ ಲಕೋಟೆಯನ್ನು ಗುಮಾಸ್ತ ತಂದುಕೊಟ್ಟದ್ದು, ಅದಕ್ಕೆ ಅಜ್ಜಿಯೇ ಅರಗು ಕರಗಿಸಿ ಸುರಿದದ್ದು ಅದೇ ದಿನ ನಾಲ್ಕೂವರೆಗೆ. ಇವತ್ತು ಅವಳೇ ಒಡೆಯುವವರೆಗೂ ಆ ಅರಗು ಹಾಗೇ ಇತ್ತು. ಆ ನಡುವೆ ಹುಡುಗಿಯ ಪತ್ರಿಕೆ ಶಾಲೆಯ ಯಂತ್ರದ ಮೇಲೆ ಮಲಗಿ ಎದ್ದಿದೆ.

ಸಂತೋಷಪಡಬೇಕಾದ ಗಳಿಗೆ. ಆದರೂ ಅಜ್ಜಿ ಹಾಳೆಗಳನ್ನು ಗಾಜಿಗೆ ಒತ್ತಿ ಹಿಡಿದೇ ಹುಡುಗಿಯ ಕಡೆ ತಿರುಗಿದಳು.

"ಅವತ್ತು ಮಧ್ಯಾಹ್ನ ಈ ಪೇಪರ್ ಯಾರ ಕೈಗೆ ಕೊಟ್ಟಿದ್ದೆ?"

"ಯಾರಿಗೂ ಇಲ್ಲ."

"ನೆನಪು ಮಾಡ್ಕೊ."

"ಯಾರಿಗೂ ಇಲ್ಲಜ್ಜಿ, ದೇವರಾಣೆ. ಮೇಡಂ ಒಬ್ರಿಗೇ. ಗೇಟ್ ಹತ್ರ ಸಿಕ್ಕಿದ್ರು, ಉತ್ತರ ಎಲ್ಲ ಸರಿ ಇದೆಯಾ ನೋಡ್ತೀನಿ ಕೊಡು ಅಂದ್ರು. ಮಾರನೇ ದಿನ ಬೆಳಿಗ್ಗೆ ವಾಪಸ್ ಕೊಟ್ರು. 'ಪಾಸಾಗ್ತೀಯ, ಹೆದರಬೇಡ' ಅಂದ್ರು."

ಅಜ್ಜಿ ಗಾಜಿನಿಂದ ಹಾಳೆಗಳನ್ನು ನಿಧಾನವಾಗಿ ಇಳಿಸಿದಳು. ಹೊಸಿಲ ಮೇಲೆ ಕೂತು ಒರೆಸಿಕೊಂಡ ಆ ಕಣ್ಣು. 'ನೀವೊಬ್ಬರೇ ಬಲ್ಲವರು' ಎಂದ ಆ ಮಾತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಹಾಳೆಯ ವಿಷಯದಲ್ಲೂ ಮೋಸಹೋಗದ ಮುದುಕಿ ಒಂದು ಮುಖವನ್ನು ಸರಿಯಾಗಿ ಮುಟ್ಟಿ ನೋಡಿರಲಿಲ್ಲ. ಸರಾಸರಿಯ ಮೇಲಿದ್ದ ತಿರಸ್ಕಾರದಲ್ಲಿ ಒಂದು ಹಿಡಿ ತನ್ನ ಕಡೆಗೇ ತಿರುಗಿತು.

"ಮಗಾ, ನಾನು ಹೇಳೋದು ಕೇಳು. ಈಗ ಯಾರು ಬಂದ್ರೂ ಈ ಪೇಪರ್ ವಿಷಯ ಬಾಯಿ..."

"ಅಜ್ಜಿ! ಇಲ್ಲೇ ಇದ್ದೀರಾ?"

ಬಾಗಿಲಲ್ಲಿ ಗಣಿತದ ಮೇಡಂ. ಓಡಿ ಬಂದ ಹಾಗೆ ಉಸಿರಾಡುತ್ತಿದ್ದರು. ಗಡಿಯಾರದಲ್ಲಿ ನಾಲ್ಕೂ ಹತ್ತು.

"ಅರ್ಜಿ ಎಲ್ಲಿ, ಕೊಡು ಬೇಗ, ಸಹಿ ಹಾಕ್ತೀನಿ. ಮಂಡಳಿ ಆಫೀಸಿಗೆ ಬಸ್ಸಲ್ಲಿ ಹೋಗೋಕೇ ಅರ್ಧ ಗಂಟೆ ಬೇಕು," ಎಂದರು ಮೇಡಂ. ಬೀರುವಿನ ಬಾಗಿಲಿಗೇ ಅರ್ಜಿಯನ್ನು ಒತ್ತಿ ಹಿಡಿದು ಪೆನ್ನಿನ ಮುಚ್ಚಳ ತೆಗೆದರು.

ಅಜ್ಜಿ ಪೆನ್ನಿನ ತುದಿಯನ್ನೇ ನೋಡಿದಳು. ಹಾಕಲಿ. ಆ ಕೈ ಏನೇ ಮಾಡಿರಲಿ, ಮೊದಲು ಸಹಿ ಹಾಕಲಿ. ಕಾಯುವುದು ಅವಳಿಗೆ ಹೊಸದಲ್ಲ. ಎರಡು ಗೆರೆ, ಒಂದು ಸುತ್ತು, ಒಂದು ಚುಕ್ಕಿ. ಅಷ್ಟಾದರೆ ಸಾಕು.

ಪೆನ್ನು ಮೊದಲ ಗೆರೆ ಎಳೆಯಿತು.

"ಮೇಡಂ, ಅಜ್ಜಿ ಕಂಡುಹಿಡಿದುಬಿಟ್ರು!" ಖುಷಿ ತಡೆಯಲಾರದೆ ಹುಡುಗಿ ಕುಣಿದಳು. ಅಜ್ಜಿ ಅವಳ ಮೊಣಕೈ ಚಿವುಟಿದಳು, ಆಗಲೇ ತಡವಾಗಿತ್ತು. "ಅವರು ಸೇರಿಸಿದ್ದು ನನ್ ಪೇಪರ್‌ದೇ ಜೆರಾಕ್ಸಂತೆ! ಅವತ್ತು ನಿಮ್ಮ ಕೈಗೆ ಕೊಟ್ಟಿದ್ದೆನಲ್ಲ, ಅದೇ!"

ಪೆನ್ನು ನಿಂತಿತು.

ಮೇಡಂ ಹುಡುಗಿಯನ್ನು ನೋಡಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಎರಡು ಹಾಳೆಗಳನ್ನು ನೋಡಿದರು. ಆಮೇಲೆ ಅಜ್ಜಿಯ ಮುಖವನ್ನು. ಆ ಕಣ್ಣುಗಳಲ್ಲಿ ಈ ಸಲ ನೀರಿರಲಿಲ್ಲ.

ಅರ್ಜಿಯ ಮೇಲೆ ಅರ್ಧ ಸಹಿ ಇತ್ತು. ಮೇಡಂ ನಿಧಾನವಾಗಿ, ಟಕ್ ಎಂದು ಕೇಳಿಸುವ ಹಾಗೆ, ಪೆನ್ನಿಗೆ ಮುಚ್ಚಳ ಹಾಕಿದರು.